ಸಾಣಾಪುರದ ಬಂಡೆ ಏರುವವರಿಗೆ: ಹಗ್ಗವಿಲ್ಲದ, ಅಂಪೈರ್ ಇಲ್ಲದ ಆಟದ ಸಮಗ್ರ ಮಾರ್ಗದರ್ಶಿ

ಗಂಗಾವತಿ ತಾಲ್ಲೂಕಿನ ಸಾಣಾಪುರ, ಆನೆಗೊಂದಿ ಕಡೆಯ ಗುಂಡುಗಳನ್ನು ಒಂದು ಸುತ್ತು ಹಾಕಿ ನೋಡಿ. ಬಹಳಷ್ಟು ಗುಂಡುಗಳಿಗೆ ಹಿಂಬದಿಯಿಂದ ಸಲೀಸಾದ ದಾರಿ ಇರುತ್ತದೆ. ಚಪ್ಪಲಿ ಹಾಕಿಕೊಂಡೇ ಮೇಲೆ ಹೋಗಿ ನಿಲ್ಲಬಹುದು. ಹಾಗಿದ್ದೂ ಕೆಲವರು ಮುಂಬದಿಯ ಗೋಡೆಗೆ ಬೆರಳು ಹಚ್ಚಿ, ಜಾರಿ, ಮತ್ತೆ ಹಚ್ಚಿ ಇಡೀ ಬೆಳಗು ಕಳೆಯುತ್ತಾರೆ. ನೆತ್ತಿ ಮುಟ್ಟುವುದಷ್ಟೇ ಉದ್ದೇಶವಾಗಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಬೇಕೆಂದೇ ಕಷ್ಟದ ದಾರಿ ಆರಿಸಿಕೊಂಡು, ಅದಕ್ಕೊಂದು ಕಟ್ಟಳೆ ಹಾಕಿಕೊಂಡು, ಆ ಕಟ್ಟಳೆಯೊಳಗೇ ಗೆಲ್ಲಲು ನೋಡುವುದು ಯಾವ ಆಟಕ್ಕಾದರೂ ಬುನಾದಿ. ಬಂಡೆಯಾಟದಲ್ಲಿ ಅದು ಬೇರೆಲ್ಲ ಆಟಗಳಿಗಿಂತ ನಿಚ್ಚಳವಾಗಿ ಕಾಣುತ್ತದೆ. ಇಲ್ಲಿ ಸೀಟಿ ಊದುವವರಿಲ್ಲ, ಅಂಕ ಬರೆಯುವವರಿಲ್ಲ. ಕಟ್ಟಳೆ ಮುರಿದರೆ ಮುರಿದವನಿಗಷ್ಟೇ ಗೊತ್ತು.

ಹಗ್ಗವಿಲ್ಲದೆ, ನಾಲ್ಕೈದು ಮೀಟರ್ ಒಳಗಿನ ಗುಂಡುಗಳನ್ನು ಕೈಕಾಲಿನ ಬಲದಲ್ಲೇ ಏರುವ ಈ ಆಟಕ್ಕೆ ಬೌಲ್ಡರಿಂಗ್ ಎನ್ನುತ್ತಾರೆ. ಎಷ್ಟೋ ವರ್ಷಗಳಿಂದ ಇದನ್ನು ಆಡಲೆಂದೇ ಹೊರದೇಶದವರು ಹಂಪಿಯ ಎದುರು ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರಗಡ್ಡೆಗೆ ಬರುತ್ತಿದ್ದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಲಿನ ರೆಸಾರ್ಟ್‌ಗಳು ತೆರವಾದವು, ಬಂಡೆಗಳು ಇದ್ದಲ್ಲೇ ಇವೆ. ಆದರೆ ಕಾರಟಗಿ, ಸಿಂಧನೂರು, ಸಿರುಗುಪ್ಪ, ಕೊಪ್ಪಳದ ನಮ್ಮ ಹುಡುಗ ಹುಡುಗಿಯರು ಇಲ್ಲಿಗೆ ಬಂದರೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ, ಕೆರೆಯಲ್ಲಿ ಹರಿಗೋಲು ಸುತ್ತಿ, ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಪ್ರಪಂಚದ ಮೂಲೆಮೂಲೆಯಿಂದ ಜನ ಹುಡುಕಿಕೊಂಡು ಬರುವ ಬಂಡೆ ನಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲಿದೆ. ನಮ್ಮ ಈ ಹುಡುಗ ಹುಡುಗಿಯರಿಗಾಗಿಯೇ ಈ ಬರಹ.

ಕಾಲ ಮತ್ತು ಹೊತ್ತು

ನವೆಂಬರ್‌ನಿಂದ ಫೆಬ್ರುವರಿವರೆಗೆ ಬನ್ನಿ. ಮಾರ್ಚ್ ಹಿಡಿದ ಮೇಲೆ ಬಂಡೆ ಕಾವಲಿ ಆಗುತ್ತದೆ, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಗೆ ಬೆರಳು ಬೆವರುತ್ತದೆ, ಬೆವರಿದರೆ ಹಿಡಿತ ಜಾರುತ್ತದೆ. ಕಲ್ಲು ತಂಪಿದ್ದಷ್ಟೂ ಚರ್ಮಕ್ಕೂ ಶೂವಿನ ರಬ್ಬರಿಗೂ ಕಚ್ಚುವ ಗುಣ ಹೆಚ್ಚು. ಚಳಿಗಾಲದಲ್ಲೂ ಬೆಳಿಗ್ಗೆ ಹತ್ತು ಗಂಟೆಯೊಳಗೆ, ಇಲ್ಲವೇ ಸಂಜೆ ನಾಲ್ಕರ ನಂತರ ಏರುವುದು ಹಿತ.

ಆದರೆ ಕರಡಿ, ಚಿರತೆ ಓಡಾಡುವುದೂ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲೇ. ದರೋಜಿ ಕರಡಿಧಾಮ ನದಿಯ ಆಚೆಗಿದೆ ಎಂದು ನೆಮ್ಮದಿಯಿಂದಿರಬೇಡಿ, ಆನೆಗೊಂದಿ ಸುತ್ತಲ ಗುಡ್ಡಗಳಲ್ಲೂ ಚಿರತೆ ಇದೆ, ಮನುಷ್ಯರ ಮೇಲೆ ಎರಗಿದ್ದೂ ಇದೆ. ಕುರಿ ಮೇಯಿಸುವ ಹಿರಿಯರು "ತಮ್ಮಾ, ಹೊತ್ತು ಮುಳುಗಿದ ಮ್ಯಾಲೆ ಈ ಕಡೆ ನಿಂದ್ರಬ್ಯಾಡ್ರಿ" ಎಂದರೆ ಆ ಮಾತು ಮೀರಬೇಡಿ. ಬೆಳಕು ಚೆನ್ನಾಗಿ ಹರಿದ ಮೇಲೆ ಗುಡ್ಡಕ್ಕೆ ಹೋಗಿ, ಸೂರ್ಯ ಇಳಿಯುವ ಮುಂಚೆ ರಸ್ತೆಗೆ ಬನ್ನಿ. ಒಬ್ಬರೇ ಹೋಗಲೇಬೇಡಿ. ಮೂವರಿದ್ದರೆ ಒಬ್ಬರು ಏರಲು, ಒಬ್ಬರು ಕಾಯಲು, ಒಬ್ಬರು ಆಪತ್ತಿನಲ್ಲಿ ಓಡಿ ಜನರನ್ನು ಕರೆತರಲು ಆಗುತ್ತದೆ.

ಎಲ್ಲಿ ಏರಬಾರದು

ಇದು ಮೊದಲು ತಿಳಿಯಬೇಕಾದದ್ದು. ಹಂಪಿಯ ಸ್ಮಾರಕಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, ನದಿಯ ಈಚೆಗಿರುವ ಆನೆಗೊಂದಿಯೂ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದೆ. ಕೋಟೆ ಗೋಡೆ, ಮಂಟಪ, ಕಂಬ, ಗುಡಿಯ ಆಸುಪಾಸಿನ ಬಂಡೆಗಳನ್ನು ಮುಟ್ಟಬೇಡಿ. 2019ರಲ್ಲಿ ಹಂಪಿಯಲ್ಲಿ ಕಂಬ ಉರುಳಿಸಿದ ಯುವಕರ ವಿಡಿಯೊ ಹರಿದಾಡಿತ್ತು. ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿತು, ಅವರ ಕೈಯಲ್ಲೇ ಕಂಬ ಎತ್ತಿ ನಿಲ್ಲಿಸಲಾಯಿತು. ಆ ಶಿಕ್ಷೆ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ.

ಹಿರೇಬೆಣಕಲ್‌ನ ಮೋರ್ಯರ ಗುಡ್ಡದಲ್ಲಿ ನೂರಾರು ಶಿಲಾಸಮಾಧಿಗಳಿವೆ, ವಿಜಯನಗರಕ್ಕಿಂತ ಸಾವಿರದೈನೂರು ವರ್ಷಕ್ಕೂ ಹಿಂದಿನವು. 2021ರಲ್ಲಿ ಯುನೆಸ್ಕೊ ಸಂಭಾವ್ಯ ಪಟ್ಟಿಗೆ ಸೇರಿವೆ. ಅಲ್ಲಿ ನಡೆದು ನೋಡಿ, ಏರಬೇಡಿ. ಈ ಸೀಮೆಯ ಗವಿ, ಬಂಡೆಗಳ ಅಡಿಯಲ್ಲಿ ಕೆಂಪು, ಬಿಳಿ ಬಣ್ಣದ ಆದಿಮಾನವರ ಚಿತ್ರಗಳೂ ಸಿಗುತ್ತವೆ. ಆದ್ದರಿಂದ ಹೊಸ ಬಂಡೆಗೆ, ಬೆವರು ಹೀರಲು ಹಚ್ಚಿಕೊಳ್ಳುವ ಚಾಕ್ ಪುಡಿಯ ಕೈ ಇಡುವ ಮುಂಚೆ ಗೋಡೆಯನ್ನು ಅಡ್ಡ ಬೆಳಕಿನಲ್ಲಿ ನಿಧಾನವಾಗಿ ನೋಡಿ. ಸಾಲಾಗಿ, ಗೇಣಿಗಿಂತ ಕಡಿಮೆ ಅಂತರದಲ್ಲಿ ಚೌಕ ತೂತುಗಳು ಕಂಡರೆ ಅವು ಕಲ್ಲು ಸೀಳಲು ಬೆಣೆ ಬಡಿದ ಗುರುತುಗಳು. ಬೆರಳಿಡಲು ಹೇಳಿ ಮಾಡಿಸಿದಂತಿರುತ್ತವೆ, ಆಸೆ ಹುಟ್ಟಿಸುತ್ತವೆ, ಆದರೂ ಬಿಟ್ಟುಬಿಡಿ. ಆ ಕಾಲದ ಕಲ್ಲುಕುಟಿಗರ ಕೆಲಸದ ದಾಖಲೆ ಅದು.

ಸುಣ್ಣ, ಕುಂಕುಮ ಬಳಿದ ಕಲ್ಲು, ಹನುಮಪ್ಪನ ಉಬ್ಬುಶಿಲ್ಪ ಇರುವ ಗುಂಡು ಯಾರದೋ ದೇವರು. ಅದನ್ನು ವಿವರಿಸಿ ಹೇಳಬೇಕಿಲ್ಲ. ಇನ್ನು ಎಷ್ಟೋ ಗುಂಡುಗಳು ರೈತರ ಹೊಲಗದ್ದೆಯ ನಡುವೆ ಇವೆ. ಭತ್ತ ನಿಂತ ಗದ್ದೆಯಲ್ಲಿ ಬದುವಿನ ಮೇಲಷ್ಟೇ ನಡೆಯಿರಿ. ಯಾರಾದರೂ ಕೆಲಸದಲ್ಲಿದ್ದರೆ "ಯಜಮಾನ್ರೇ, ಆ ಗುಂಡಿನ ಮ್ಯಾಲೆ ಸ್ವಲ್ಪ ಹೊತ್ತು ಆಡ್ತೀವ್ರಿ, ನಡೀತದೇನ್ರಿ?" ಎಂದು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ, ಜೊತೆಗೆ ಹೆಜ್ಜೇನು ಎಲ್ಲಿ ಕಟ್ಟಿದೆ ಎಂದೂ ಹೇಳುತ್ತಾರೆ. ಆ ಒಂದು ಮಾಹಿತಿ ಜೀವ ಉಳಿಸುತ್ತದೆ. ದೊಡ್ಡ ಬಂಡೆಯ ಸೂರಿನಡಿ ಕಪ್ಪಗೆ ಜೋತುಬಿದ್ದ ಹುಟ್ಟು ಕಂಡರೆ ಆ ಜಾಗವನ್ನೇ ಬಿಟ್ಟು ದೂರ ಹೋಗಿ. ಹೊಗೆ, ಗದ್ದಲ, ಸುಗಂಧದ ಸ್ಪ್ರೇ ಯಾವುದೂ ಬೇಡ.

ಸಾಮಾನು

ಹೆಚ್ಚೇನೂ ಬೇಕಿಲ್ಲ. ಕ್ಲೈಂಬಿಂಗ್ ಶೂ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊದಮೊದಲು ಬರಿಗಾಲಲ್ಲೂ ಕಲಿಯಬಹುದು. ದಪ್ಪ ಅಡಿಯ ರನ್ನಿಂಗ್ ಶೂ ಮಾತ್ರ ಬೇಡ, ಕಾಲಿಡುವ ಸಣ್ಣ ಅಂಚಿನ ಮೇಲೆ ಅದು ಹೊರಳುತ್ತದೆ. ಬೆವರು ಹೀರಲು ಚಾಕ್, ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಮತ್ತು ಅದಕ್ಕೊಂದು ಚೀಲ. ಹಳೆಯ ಹಲ್ಲುಜ್ಜುವ ಬ್ರಷ್ ಒಂದು. ತಂತಿಯ ಬ್ರಷ್ ಕಲ್ಲನ್ನೇ ಸವೆಸುತ್ತದೆ, ತರಲೇಬೇಡಿ. ತಲಾ ಮೂರು ಲೀಟರ್ ನೀರು. ಪಟ್ಟಿ, ಟೇಪು, ಕ್ರೇಪ್ ಬ್ಯಾಂಡೇಜು.

ಮುಖ್ಯವಾದದ್ದು ಕ್ರ್ಯಾಶ್ ಪ್ಯಾಡ್. ಸುಮಾರು 10 ಸೆಂಟಿಮೀಟರ್ ದಪ್ಪ, ಮೇಲೆ ಗಟ್ಟಿ ಫೋಮ್, ಕೆಳಗೆ ಮೆತ್ತನೆಯ ಫೋಮ್. ಮೇಲಿನ ಪದರ ಬಿದ್ದ ಭಾರವನ್ನು ಹರಡುತ್ತದೆ, ಕೆಳಗಿನದು ನುಂಗುತ್ತದೆ. ಮನೆಯ ಗಾದಿ ಈ ಕೆಲಸಕ್ಕೆ ಬಾರದು. ಹಿಮ್ಮಡಿ ಗಾದಿಯಲ್ಲಿ ಹೂತು ನೆಲಕ್ಕೇ ಬಡಿಯುತ್ತದೆ, ಕಣಕಾಲು ಉಳುಕುತ್ತದೆ. ಸಾಣಾಪುರ, ಆನೆಗೊಂದಿ ಸುತ್ತಿನ ಕೆಲವು ವಸತಿಗೃಹಗಳಲ್ಲಿ ಚಳಿಗಾಲದ ಹೊತ್ತಿಗೆ ಪ್ಯಾಡ್, ಶೂ ಬಾಡಿಗೆಗೆ ಸಿಗುತ್ತವೆ. ಮೊದಲ ಸಲ ಖರೀದಿಗೆ ಹೋಗದೆ ಬಾಡಿಗೆಗೇ ತೆಗೆದುಕೊಳ್ಳಿ.

ಬಂಡೆ ಓದುವುದು

ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನೆಲದಾಳದಲ್ಲಿ ಕುದಿದ ಶಿಲಾರಸ ತಣಿದು ಗ್ರಾನೈಟ್ ಆಯಿತು, ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ಬಿರುಕಿನಲ್ಲಿ ನೀರು ಇಳಿದು ಮೂಲೆಗಳನ್ನು ಮೊದಲು ತಿಂದಿತು, ಒಳಗಿನ ಗಟ್ಟಿ ತಿರುಳು ಉರುಟಾಗಿ ಉಳಿಯಿತು. ಸುತ್ತಲ ಪುಡಿಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಗುಂಡಿನ ಮೇಲೆ ಗುಂಡು ಕೂತವು. ಆ ಸವಕಳಿ ಇನ್ನೂ ನಿಂತಿಲ್ಲ. ಹಗಲ ಕಾವು, ಇರುಳ ತಂಪಿಗೆ ಕಲ್ಲಿನ ಮೈ ಈಗಲೂ ಪದರು ಪದರಾಗಿ ಏಳುತ್ತಿದೆ.

ಏರುವವರಿಗೆ ಅಪಾಯ ಇರುವುದು ಆ ಪದರುಗಳಲ್ಲೇ. ಹಿಡಿಯಲು ಚೆನ್ನಾಗಿ ಕಾಣುವ ಅಂಚು ಸಿಕ್ಕರೆ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡಿ. ಗಟ್ಟಿ ಕಲ್ಲು "ಟಕ್" ಎಂದು ಚುಟುಕಾಗಿ ಉತ್ತರಿಸುತ್ತದೆ, ಗೆಣ್ಣಿಗೇ ನೋವಾಗುತ್ತದೆ. ಒಳಗೆ ಟೊಳ್ಳಿದ್ದರೆ "ಡಬ್" ಎಂಬ ಪೊಳ್ಳು ಸದ್ದು ಬರುತ್ತದೆ, ಅಂಗೈ ಇಟ್ಟುಕೊಂಡಿದ್ದರೆ ಅದರ ಸಣ್ಣ ಕಂಪನವೂ ತಾಗುತ್ತದೆ. ಅಂಥ ಪದರನ್ನು ಹೊರಕ್ಕೆ ಎಳೆಯಬೇಡಿ, ಅದರ ಮೇಲೆ ಕಾಲೂರಬೇಡಿ. ಕಿತ್ತು ಬಿಸಾಡುವುದೂ ಬೇಡ. ಬೇರೆ ಗುಂಡು ಹುಡುಕಿ.

ಬಿರುಕಿನೊಳಗೆ ಕಣ್ಣು ಹಾಯಿಸದೆ ಕೈ ಹಾಕಬೇಡಿ. ಚೇಳು, ಹಾವು ತಂಪು ಹುಡುಕಿ ಅಲ್ಲೇ ಸೇರುತ್ತವೆ. ಗುಂಡಿನ ಕೆಳಗಿನ ನೆಲ ನೋಡಿ, ಚೂಪು ಕಲ್ಲು, ಮುಳ್ಳು ಇದ್ದರೆ ಅಲ್ಲಿ ಏರಬೇಡಿ. ಕೊನೆಯದಾಗಿ, ಹಿಂಬದಿಯಿಂದ ಮೇಲೆ ನಡೆದು ಹೋಗಿ ಇಳಿಯುವ ದಾರಿ ಯಾವುದೆಂದು ಖಚಿತ ಮಾಡಿಕೊಳ್ಳಿ. ಇಳಿಯಲು ದಾರಿ ಇಲ್ಲದ ಗುಂಡನ್ನು ಹೊಸಬರು ಏರಲೇಕೂಡದು. ಮೊದಲ ಕೆಲವು ದಿನ ಕೈ ಎತ್ತಿದರೆ ನೆತ್ತಿ ಸಿಗುವಷ್ಟು ಎತ್ತರದ ಗುಂಡುಗಳಲ್ಲೇ ಆಡಿ.

ಏರುವ ಮೊದಲು ಬೀಳಲು ಕಲಿಯಿರಿ

ಬೌಲ್ಡರಿಂಗ್‌ನಲ್ಲಿ ಪ್ರತಿ ಸೋಲೂ ನೆಲಕ್ಕೆ ಬಂದು ಮುಗಿಯುತ್ತದೆ. ಹಾಗಾಗಿ ಮೊದಲ ಅರ್ಧ ಗಂಟೆ ಬರೀ ಬೀಳುವ ಅಭ್ಯಾಸಕ್ಕಿಡಿ. ಒಂದು ಅಡಿ ಎತ್ತರದಿಂದ ಶುರು ಮಾಡಿ ಎರಡಡಿ, ಮೂರಡಿಗೆ ಬನ್ನಿ. ಎರಡೂ ಪಾದ ಒಟ್ಟಿಗೆ ಪ್ಯಾಡಿಗೆ ತಾಗಬೇಕು, ಮಂಡಿ ಸಡಿಲವಾಗಿ ಮಡಚಬೇಕು, ಆ ವೇಗದಲ್ಲೇ ಕುಂಡಿಯ ಮೇಲೆ ಕೂತು ಬೆನ್ನಿನ ಮೇಲೆ ಉರುಳಬೇಕು. ಗದ್ದ ಎದೆಗೆ, ಕೈಗಳು ಎದೆಯ ಮುಂದೆ. ಬೀಳುವಾಗ ಕೈಯನ್ನು ಹಿಂದಕ್ಕೆ ಊರುವುದು ಎಲ್ಲರಿಗೂ ಸಹಜವಾಗಿ ಬರುವ ಚಾಳಿ. ಮಣಿಕಟ್ಟು, ಮೊಣಕೈ ಮುರಿಯುವುದು ಅದರಿಂದಲೇ. ಆ ಚಾಳಿ ಬಿಡುವ ತನಕ ಮೇಲೆ ಹೋಗಬೇಡಿ.

ಕೆಳಗೆ ನಿಂತು ಕಾಯುವವರು ಸ್ಪಾಟರ್. ಬೀಳುವವರನ್ನು ಎತ್ತಿಕೊಳ್ಳುವುದು ಅವರ ಕೆಲಸವಲ್ಲ. ಸೊಂಟ ಅಥವಾ ಬೆನ್ನಿಗೆ ಕೈಕೊಟ್ಟು ದೇಹವನ್ನು ಪ್ಯಾಡಿನ ಮೇಲಕ್ಕೆ ತಿರುಗಿಸುವುದು, ತಲೆ ಕಲ್ಲಿಗೆ ಬಡಿಯದಂತೆ ನೋಡಿಕೊಳ್ಳುವುದು, ಇಷ್ಟೇ. ಒಂದು ಕಾಲು ಹಿಂದಿಟ್ಟು, ಮಂಡಿ ಬಾಗಿಸಿ, ಅಂಗೈ ಮೇಲೆತ್ತಿ ನಿಲ್ಲಿ. ಹೆಬ್ಬೆರಳು ಉಳಿದ ಬೆರಳುಗಳಿಗೆ ಅಂಟಿಕೊಂಡಿರಲಿ, ಬಿಚ್ಚಿದ ಹೆಬ್ಬೆರಳು ಸುಲಭವಾಗಿ ಹೊರಳುತ್ತದೆ. ಕಣ್ಣು ಏರುವವರ ಸೊಂಟದ ಮೇಲಿರಲಿ. ಕೈಯಲ್ಲಿ ಮೊಬೈಲ್ ಇರುವ ಸ್ಪಾಟರ್ ಇದ್ದೂ ಇಲ್ಲದಂತೆ. ವಿಡಿಯೊ ಬೇಕಿದ್ದರೆ ಮೂರನೆಯವರು ಮಾಡಲಿ.

ಕಾಲಿನಿಂದ ಏರಿ

ಹೊಸಬರು ತೋಳಿನಿಂದ ಏರಲು ನೋಡುತ್ತಾರೆ, ಹತ್ತೇ ನಿಮಿಷಕ್ಕೆ ಮುಂಗೈ ಕಲ್ಲಾಗಿ ಬೆರಳು ಮುಚ್ಚಲು ಬಾರದಂತಾಗುತ್ತದೆ. ಕೈ ನೇರವಾಗಿರಲಿ, ದೇಹವನ್ನು ಮೇಲಕ್ಕೆ ತಳ್ಳುವ ಕೆಲಸ ಕಾಲಿನದು. ಪಾದದ ನಡುಭಾಗ ಇಡಬೇಡಿ, ಹೆಬ್ಬೆರಳ ತುದಿ ಇಡಿ. ಕಾಲು ಕೂರುವ ತನಕ ಅದರ ಮೇಲಿಂದ ಕಣ್ಣು ತೆಗೆಯಬೇಡಿ. ಒಮ್ಮೆ ಇಟ್ಟ ಮೇಲೆ ಕದಲಿಸಬೇಡಿ. ಗುಂಡಿಗೆ ಕಾಲು ಬಡಿದ ಸದ್ದು ಕೇಳಿಸಿತೆಂದರೆ ಅಳತೆ ತಪ್ಪಿದೆ ಎಂದೇ ಲೆಕ್ಕ.

ಕಲಿಯಲು ಇಳಿಜಾರು ಬಂಡೆಗಿಂತ ಒಳ್ಳೆಯ ಮೇಷ್ಟರಿಲ್ಲ. ಹಿಡಿಯಲು ಏನೂ ಇಲ್ಲದ ಇಳಿಜಾರಿನಲ್ಲಿ ಹಿಮ್ಮಡಿ ಕೆಳಗಿಳಿಸಿ, ರಬ್ಬರಿನ ಹೆಚ್ಚು ಭಾಗ ಕಲ್ಲಿಗೆ ಒತ್ತಿ ನಿಲ್ಲಬೇಕು. ಹೆದರಿಕೆಗೆ ಮೈ ಬಂಡೆಗೆ ಅಂಟಿಸಿಕೊಂಡರೆ ಕಾಲಿನ ಮೇಲಿನ ಭಾರ ಕಡಿಮೆಯಾಗಿ ಜಾರುತ್ತೀರಿ. ಸೊಂಟ ಸ್ವಲ್ಪ ಹಿಂದಕ್ಕಿರಲಿ, ಭಾರ ನೇರ ಪಾದಕ್ಕೆ ಇಳಿಯಲಿ. ನಿಂತೇ ನಿಲ್ಲುತ್ತದೆ ಎಂಬ ನಂಬಿಕೆ ಬರಲು ಒಂದೆರಡು ದಿನ ಬೇಕು. ಇಲ್ಲಿ ತೋಳ್ಬಲಕ್ಕಿಂತ ಸಮತೋಲನದ ಪಾತ್ರ ದೊಡ್ಡದು. ಆದ್ದರಿಂದ ಜಿಮ್ ಮುಖ ನೋಡದವರು, ಐವತ್ತು ದಾಟಿದವರು, ಶಾಲೆಯ ಹುಡುಗಿಯರು ಎಲ್ಲರಿಗೂ ಈ ಆಟದಲ್ಲಿ ಸಮನಾದ ಜಾಗವಿದೆ. ಇಲ್ಲಿನ ಕುರಿಗಾಹಿ ಹುಡುಗರು ಬರಿಗಾಲಲ್ಲಿ ಇಂಥ ಇಳಿಜಾರು ಹತ್ತುವುದನ್ನು ನೋಡುವ ಅವಕಾಶ ಸಿಕ್ಕರೆ ಅವರ ಪಾದವನ್ನೇ ಗಮನಿಸಿ.

ನೆತ್ತಿಯ ಅಂಚಿಗೆ ಕೈ ಸಿಕ್ಕ ಮೇಲೆ ಕೆಲಸ ಮುಗಿಯಲಿಲ್ಲ. ಅಂಗೈ ಕೆಳಮುಖವಾಗಿ ಒತ್ತಿ, ಒಂದು ಪಾದವನ್ನು ಕೈಯ ಪಕ್ಕಕ್ಕೇ ತಂದಿಟ್ಟು, ಮೂಗು ಮುಂದಕ್ಕೆ ಚಾಚಿ ಭಾರ ಆ ಪಾದಕ್ಕೆ ಬಂದ ಮೇಲೆ ಎದ್ದು ನಿಲ್ಲಬೇಕು. ಹೊಟ್ಟೆಯ ಮೇಲೆ ತೆವಳಬೇಡಿ, ಕಾಲು ಗಾಳಿಯಲ್ಲಿ ಉಳಿಯುತ್ತದೆ.

ಬೆರಳ ತುದಿಯ ಚರ್ಮ ಗುಲಾಬಿಯಾಗಿ ಹೊಳೆಯತೊಡಗಿದರೆ ಅಂದಿಗೆ ಸಾಕು. ನಮ್ಮ ಗ್ರಾನೈಟಿನ ಹರಳುಗಳು ಚೂಪು, ಇನ್ನೊಂದೇ ಯತ್ನಕ್ಕೆ ಚರ್ಮ ಹರಿಯುತ್ತದೆ. ಸಣ್ಣ ಅಂಚನ್ನು ಬೆರಳ ಗೆಣ್ಣು ಮಡಚಿ ಹಿಡಿಯುವಾಗ ಒಳಗಿನ ಸ್ನಾಯುರಜ್ಜು ಹಿಡಿದಿಡುವ ಪಟ್ಟಿಗಳ ಮೇಲೆ ಭಾರೀ ಒತ್ತಡ ಬೀಳುತ್ತದೆ. "ಟಪ್" ಎಂದು ಸದ್ದಾಗಿ ಬೆರಳ ಬುಡ ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬೆಳೆಯುವ ಮಕ್ಕಳ ಬೆರಳೆಲುಬು ಇನ್ನೂ ಎಳೆಯದು, ಅವರಿಗೆ ಆ ಹಿಡಿತ ಕಲಿಸಬೇಡಿ.

ಆಟದ ನ್ಯಾಯ

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ಲೈಂಬಿಂಗ್ ಮೊದಲ ಸಲ ಪದಕದ ಆಟವಾಯಿತು. ಕೂಟ 2020ರ ಹೆಸರಿನದು, ನಡೆದದ್ದು 2021ರಲ್ಲಿ. ಅಲ್ಲಿ ತೀರ್ಪುಗಾರರು, ಕ್ಯಾಮೆರಾ, ಗಡಿಯಾರ ಎಲ್ಲ ಇವೆ. ಅಲ್ಲಿಯೂ ಒಂದು ಸೊಗಸಾದ ಪದ್ಧತಿ ಇದೆ: ಫೈನಲ್‌ಗೆ ಮುಂಚೆ ಸ್ಪರ್ಧಿಗಳು ಗೋಡೆಯ ಮುಂದೆ ಒಟ್ಟಿಗೆ ನಿಂತು, ಎಲ್ಲಿ ಕೈ ಹಾಕಬೇಕು, ಎಲ್ಲಿ ಕಾಲು ಎಂದು ಪರಸ್ಪರ ಮಾತಾಡಿಕೊಳ್ಳುತ್ತಾರೆ. ಸೋಲಿಸಬೇಕಾದವರ ಜೊತೆಗೇ ಬಿಡಿಸುವ ದಾರಿ ಹಂಚಿಕೊಳ್ಳುತ್ತಾರೆ. ಎದುರಾಳಿ ಗೋಡೆ, ಪಕ್ಕದವರಲ್ಲ ಎಂಬ ಭಾವ ಈ ಆಟದ ರಕ್ತದಲ್ಲೇ ಇದೆ.

ಸಾಣಾಪುರದಲ್ಲಿ ತೀರ್ಪುಗಾರರಿಲ್ಲ. ಚಿಕ್ಕಂದಿನಲ್ಲಿ ಅಂಗಳದಲ್ಲಿ ಆಡಿದ ಕುಂಟೆಬಿಲ್ಲೆ ನೆನಪಿಸಿಕೊಳ್ಳಿ. ಗೆರೆ ತುಳಿದರೆ ಔಟು, ತುಳಿದದ್ದು ಬೇರೆಯವರಿಗೆ ಕಾಣದಿದ್ದರೂ ತುಳಿದ ಕಾಲಿಗೆ ಗೊತ್ತಿರುತ್ತಿತ್ತು. ಇಲ್ಲಿಯೂ ಹಾಗೆ. ಏರುವಾಗ ಕಾಲು ನೆಲಕ್ಕೆ, ಪ್ಯಾಡಿಗೆ, ಪಕ್ಕದ ಬಂಡೆಗೆ, ಸ್ಪಾಟರ್ ಕೈಗೆ ಸವರಿದರೂ ಅದು ಡ್ಯಾಬ್, ಆ ಏರಿಕೆ ಲೆಕ್ಕಕ್ಕಿಲ್ಲ. ಕೂತಲ್ಲಿಂದ ಶುರುವಾಗಬೇಕಾದ ದಾರಿಯನ್ನು ನಿಂತು ಶುರು ಮಾಡಿದ್ದರೆ ಹಾಗೆಂದೇ ಹೇಳಬೇಕು. ಒಬ್ಬರು ತೋರಿಸಿದ್ದನ್ನು ನೋಡಿ ಮೊದಲ ಯತ್ನಕ್ಕೇ ಏರಿದ್ದು ಒಂದು ಬಗೆ, ಏನೂ ತಿಳಿಯದೆ ಬಂದು ಏರಿದ್ದು ಇನ್ನೊಂದು ಬಗೆ, ಹಲವು ದಿನ ಬಿದ್ದು ಎದ್ದು ಏರಿದ್ದು ಮತ್ತೊಂದು. ಮೂರೂ ಸಂತೋಷದ ವಿಷಯವೇ, ಆದರೆ ಒಂದರ ಹೆಸರಲ್ಲಿ ಇನ್ನೊಂದನ್ನು ಹೇಳಿಕೊಂಡರೆ ಹೇಳಿಕೊಂಡವರ ಕೈಯಲ್ಲೇ ಏನೂ ಉಳಿಯುವುದಿಲ್ಲ. ಕಷ್ಟವನ್ನು ನಾವೇ ಕರೆದುಕೊಂಡೆವು. ಕರೆದುಕೊಂಡು ಅದಕ್ಕೆ ಮೋಸ ಮಾಡಿದರೆ ಹಿಂಬದಿಯಿಂದ ನಡೆದು ಹೋಗಬಹುದಿತ್ತಲ್ಲ?

ಕಲ್ಲು ಕೊರೆದು ಹಿಡಿತ ಮಾಡಿಕೊಳ್ಳುವುದು ಇದಕ್ಕಿಂತ ದೊಡ್ಡ ಅಪರಾಧ. ಇಂದು ನಿಮ್ಮಿಂದ ಆಗದ ದಾರಿ ನಾಳೆ ಕನಕಗಿರಿಯ ಯಾವುದೋ ಹುಡುಗಿಯಿಂದ ಆಗಬಹುದು. ಉಳಿ ಹಾಕಿದ ದಿನವೇ ಆಕೆಯ ಆಟ ಮುಗಿಯಿತು. ಅಂಟು ಹಾಕಿ ಪದರು ಕೂಡಿಸುವುದೂ ಇದೇ ಸಾಲಿಗೆ ಸೇರುತ್ತದೆ. ಜಲ್ಲಿಗಾಗಿ ಗುಡ್ಡಗಳೇ ಕರಗುತ್ತಿರುವ ನಮ್ಮ ಜಿಲ್ಲೆಗಳಲ್ಲಿ ಕಲ್ಲನ್ನು ಇದ್ದಂತೆ ಬಿಟ್ಟು ಪ್ರೀತಿಸುವ ಒಂದು ಗುಂಪಾದರೂ ಬೇಕು.

ಸಣ್ಣಪುಟ್ಟ ಮರ್ಯಾದೆಗಳೂ ಇವೆ. ಸರದಿ ಬಿಡಬೇಡಿ, ಬೇರೆಯವರದು ಕಸಿಯಬೇಡಿ. ಯಾರೋ ಒದ್ದಾಡುತ್ತಿದ್ದರೆ ಕೇಳದೆ ಉಪಾಯ ಹೇಳಬೇಡಿ, ಬಿಡಿಸುವ ಸುಖ ಅವರದು. "ಹೇಳ್ಲೇನ್ರಿ?" ಎಂದು ಮೊದಲು ಕೇಳಿ. ಆದರೆ ಅಪಾಯ ಕಂಡರೆ ಕೇಳುತ್ತಾ ಕೂರಬೇಡಿ, ಕೂಗಿ ಹೇಳಿ. ಹೊರಡುವಾಗ ಚಾಕ್ ಗುರುತನ್ನೆಲ್ಲ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಮುಂದೆ ಬರುವವರು ದಾರಿಯನ್ನು ತಾವೇ ಹುಡುಕಿಕೊಳ್ಳಲಿ. ಸ್ಪೀಕರ್ ಮನೆಯಲ್ಲಿರಲಿ. ಮೊದಲು ಏರಿದವರು ದಾರಿಗೆ ಹೆಸರಿಡುವ ರೂಢಿ ಇದೆ. ಹೊಸ ದಾರಿ ಸಿಕ್ಕರೆ ಕನ್ನಡದಲ್ಲೇ ಹೆಸರಿಡಿ, ಆದರೆ "ಮೊದಲು ನಾನೇ" ಎನ್ನುವ ಮುಂಚೆ ಊರಲ್ಲಿ ವಿಚಾರಿಸಿ. ಕುರಿ ಕಾಯುವವರ ಅಜ್ಜನ ಕಾಲಕ್ಕೇ ಅದು ಆಟದ ಕಲ್ಲಾಗಿದ್ದಿರಬಹುದು.

ನೀರು, ಗಾಯ

ಏರಿ ದಣಿದ ಮೇಲೆ ಸಾಣಾಪುರದ ಕೆರೆ, ತುಂಗಭದ್ರೆ ಎರಡೂ ಕರೆಯುತ್ತವೆ. ಬಂಡೆಯಿಂದ ಜಿಗಿಯಬೇಡಿ. ಕೆರೆಗೆ ಎಡದಂಡೆ ಕಾಲುವೆಯ ನೀರು ಬರುತ್ತದೆ, ಹೊಳೆಯ ಕಲ್ಲುಗಳ ನಡುವೆ ಸುಳಿಗಳಿವೆ. ಈಜು ಬಲ್ಲವರೂ ಇಲ್ಲಿ ಜೀವ ಕಳೆದುಕೊಂಡಿದ್ದಾರೆ. ಹರಿಗೋಲು ಹತ್ತುವುದಾದರೆ ಲೈಫ್ ಜಾಕೆಟ್ ಹಾಕಿಕೊಂಡೇ ಹತ್ತಿ.

ಕಾಲು ಉಳುಕಿದರೆ ಬ್ಯಾಂಡೇಜು ಕಟ್ಟಿ, ತಣ್ಣೀರು ಹಾಕಿ, ಕಾಲು ಎತ್ತರಕ್ಕಿಟ್ಟು ಕೂರಿಸಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ತಲೆಗೋ ಕತ್ತಿಗೋ ಬೆನ್ನಿಗೋ ಪೆಟ್ಟಾಗಿದ್ದರೆ ಎಬ್ಬಿಸದೆ, ಕತ್ತು ಅಲುಗಾಡದಂತೆ ಹಿಡಿದು 108ಕ್ಕೆ ಕರೆ ಮಾಡಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡಿಸದೆ ಗಂಗಾವತಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಗುಂಡುಗಳ ನಡುವೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದಿರಬಹುದು, ಎಲ್ಲಿ ಸಿಗುತ್ತದೆ ಎಂದು ಏರುವ ಮುಂಚೆಯೇ ನೋಡಿಟ್ಟುಕೊಳ್ಳಿ.

ಮುಂದಕ್ಕೆ

ದಾರಿಯ ಕಷ್ಟವನ್ನು ಅಳೆಯಲು ವಿ0ಯಿಂದ ವಿ17ರವರೆಗಿನ ಶ್ರೇಣಿ ಬಳಕೆಯಲ್ಲಿದೆ. ಅದರ ಬೆನ್ನು ಹತ್ತಬೇಡಿ. ಒಂದು ಚಳಿಗಾಲ ಪೂರ್ತಿ ವಿ0, ವಿ1ರಲ್ಲೇ ಕಳೆದರೂ ಪಾದಕ್ಕೆ ಬೇಕಾದ ಪಾಠ ಅಲ್ಲೇ ಇದೆ. ವಾರಕ್ಕೆ ಎರಡು ದಿನ ಏರಿದರೆ ಸಾಕು, ನಡುವೆ ಕನಿಷ್ಠ ಒಂದು ದಿನ ಬೆರಳಿಗೆ ಬಿಡುವಿರಲಿ. ಹಗ್ಗ ಹಾಕಿ ಎತ್ತರದ ಗೋಡೆ ಏರುವ ಆಸೆ ಇದ್ದರೆ ಅದನ್ನು ವಿಡಿಯೊ ನೋಡಿ ಕಲಿಯುವ ಸಾಹಸ ಬೇಡ. ಕರ್ನಾಟಕ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಶಿಲಾರೋಹಣದ ತರಬೇತಿ ಕೊಡುತ್ತದೆ. ನಮ್ಮ ಕಡೆಯವರಿಗೆ ಬಾದಾಮಿಯ ಕೆಂಪು ಮರಳುಗಲ್ಲು ಹತ್ತಿರ, ಹಗ್ಗದ ಏರಿಕೆಗೆ ಅದು ಹೆಸರಾದ ಜಾಗ. ಅಲ್ಲಿಗೆ ಹೋದಾಗ ಒಂದು ನೆನಪಿರಲಿ: ಮಳೆ ಬಂದ ಮರುದಿನ ಗ್ರಾನೈಟ್ ಒಣಗಿದ್ದರೆ ಏರಬಹುದು, ಮರಳುಗಲ್ಲು ಒಳಗೆ ನೀರು ಹೀರಿಕೊಂಡು ಮೆತ್ತಗಾಗಿರುತ್ತದೆ, ಹಿಡಿತವೇ ಮುರಿದು ಕೈಗೆ ಬರುತ್ತದೆ. ಪೂರ್ತಿ ಒಣಗಲು ಎರಡು ಮೂರು ದಿನ ಬಿಟ್ಟು ಹೋಗಿ.